ಸೌದೆ ಕೊಯ್ಯುವ ಬ್ಯಾಟರಿ ಗರಗಸ: ಕೊಳ್ಳುವ ಮುನ್ನ ಒಂದಿಷ್ಟು ಯೋಚಿಸಿ

ಅಡುಗೆಮನೆಗೆ ಗ್ಯಾಸ್ ಬಂದರೂ ನಮ್ಮ ಹಿತ್ತಿಲಿನಿಂದ ಸೌದೆ ಹೋಗಿಲ್ಲ. 2016ರ ಮೇ 1ರಂದು ಉಜ್ವಲ ಯೋಜನೆ ಆರಂಭವಾದ ಮೇಲೆ ಬಡ ಕುಟುಂಬಗಳಿಗೂ ಸಿಲಿಂಡರ್ ತಲುಪಿತು. ಆದರೆ ಹುಣಸೂರು ಉಪವಿಭಾಗದ ಹಳ್ಳಿಗಳಲ್ಲಿ ಇಂದಿಗೂ ಬೆಳಗಿನ ಹೊತ್ತು ಬಚ್ಚಲ ಹಂಡೆಯ ಕೆಳಗೆ ಉರಿಯುವುದು ಸೌದೆಯೇ. ಸಿಲಿಂಡರ್ ತಿಂಗಳು ಪೂರ್ತಿ ಬರಲಿ ಎಂದು ಮುದ್ದೆ, ಕಾಳು ಬೇಯಿಸುವುದನ್ನು ಒಲೆಗೆ ಬಿಡುವ ಮನೆಗಳು ಎಷ್ಟೋ ಇವೆ. ವಲೀಮಾದ ಬಿರಿಯಾನಿ ದೇಗ್‌ಗೆ, ರಮಝಾನ್‌ನಲ್ಲಿ ಮಸೀದಿಯ ಗಂಜಿಗೆ ಸೌದೆಯೇ ಬೇಕು. ಇನ್ನು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲೂಕುಗಳು ಹೊಗೆಸೊಪ್ಪಿನ ನಾಡು. ಒಂದು ಕಿಲೋ ಎಲೆ ಹದಗೊಳಿಸಲು ಬ್ಯಾರನ್‌ನಲ್ಲಿ ನಾಲ್ಕೈದು ಕಿಲೋ ಸೌದೆ ಸುಡುವ ಲೆಕ್ಕ ಇಲ್ಲಿನ ರೈತರಿಗೆ ಗೊತ್ತೇ ಇದೆ. ಹೀಗಾಗಿ ಸೌದೆ ಕೊಯ್ಯುವುದು, ಸೀಳುವುದು ನಮಗೆ ಹಳೆಯ ಕಾಲದ ಮಾತಲ್ಲ.

ಈ ಕೆಲಸಕ್ಕೆ ಮೊದಲು ಕೊಡಲಿ ಮತ್ತು ಮಚ್ಚು ಇದ್ದವು. ಆಮೇಲೆ ಮರ ಕೊಯ್ಯುವವರ ಹೆಗಲ ಮೇಲೆ ಪೆಟ್ರೋಲ್ ಮಿಷನ್ ಬಂತು. ಈಗ ಮನೆಗೇ ಬರುತ್ತಿರುವುದು ಬ್ಯಾಟರಿಯ ಸಣ್ಣ ಚೈನ್ ಗರಗಸ. ಗೇಣುದ್ದದ ಅಲಗು, ಒಂದೇ ಕೈಯಲ್ಲಿ ಹಿಡಿಯುವಷ್ಟು ತೂಕ, ಪೆಟ್ಟಿಗೆಯೊಳಗೆ ಒಂದೆರಡು ಬ್ಯಾಟರಿ. ಮೊಬೈಲ್‌ನಲ್ಲಿ ಆರ್ಡರ್ ಮಾಡಿದರೆ ಬಾಗಿಲಿಗೆ ತಂದುಕೊಡುತ್ತಾರೆ. ಜಾಹೀರಾತಿನಲ್ಲಿ ನಗುನಗುತ್ತಾ ಕೊಂಬೆ ಕೊಯ್ಯುವವರ ಕೈಯಲ್ಲಿ ಗವುಸು ಇರುವುದಿಲ್ಲ, ಕಣ್ಣಿಗೆ ಕನ್ನಡಕವೂ ಇರುವುದಿಲ್ಲ.

ಈ ಯಂತ್ರವೇ ಬೇಡ ಎಂಬುದು ನನ್ನ ವಾದವಲ್ಲ. ಮಿಕ್ಸಿ, ಇಸ್ತ್ರಿಪೆಟ್ಟಿಗೆಯ ಹಾಗೆ ಮನೆಗೊಂದು ಅಗ್ಗದ ಗರಗಸ ತಂದಿಟ್ಟು, ಯಾರ ಕೈಗೆ ಸಿಕ್ಕಿದರೆ ಅವರು ಬಳಸುವುದು ಬೇಡ ಎನ್ನುತ್ತೇನೆ. ಅದಕ್ಕಿಂತ ಮೊಹಲ್ಲಾಕ್ಕೊಂದು ಒಳ್ಳೆಯ ಯಂತ್ರ, ಅದರ ಜೊತೆಗೇ ರಕ್ಷಣೆಯ ಸಾಮಾನು, ಬಳಸಲು ಸರಿಯಾಗಿ ಕಲಿತ ಇಬ್ಬರು ಮೂವರು ಇದ್ದರೆ ಸಾಕು. ಯಾಕೆ ಎಂಬುದನ್ನು ವಿವರಿಸುತ್ತೇನೆ.

ಅನುಕೂಲ ಏನು?

ಮೊದಲು ನ್ಯಾಯವಾಗಿ ಅದರ ಒಳ್ಳೆಯದನ್ನು ಹೇಳಬೇಕು. ಪೆಟ್ರೋಲ್ ಮಿಷನ್‌ನ ಸದ್ದು ಸಾಮಾನ್ಯವಾಗಿ 100 ಡೆಸಿಬಲ್ ದಾಟುತ್ತದೆ. 85 ಡೆಸಿಬಲ್‌ಗಿಂತ ಹೆಚ್ಚಿನ ಸದ್ದನ್ನು ದಿನವೂ ಗಂಟೆಗಟ್ಟಲೆ ಕೇಳಿದರೆ ಕಿವಿ ಮಂದವಾಗುತ್ತದೆ. ಬ್ಯಾರನ್ ಸೌದೆ ಕೊಯ್ಯುವ ಕೂಲಿಯವರಲ್ಲಿ ಜೋರಾಗಿ ಮಾತಾಡುವವರು ಹೆಚ್ಚಾಗಿದ್ದರೆ ಅದಕ್ಕೆ ಕಾರಣ ಸ್ವಭಾವ ಮಾತ್ರವಲ್ಲ. ಬ್ಯಾಟರಿ ಗರಗಸದ ಸದ್ದು ಕಡಿಮೆ. ಪೆಟ್ರೋಲ್ ಹೊಗೆ ಇಲ್ಲ, ಹಗ್ಗ ಎಳೆದು ಸ್ಟಾರ್ಟ್ ಮಾಡುವ ಕಷ್ಟವಿಲ್ಲ, ಕೈಗೆ ನಡುಕವೂ ಕಡಿಮೆ. ಸೊಂಟನೋವಿರುವ ಹಿರಿಯರಿಗೆ, ಗಂಡಸರು ದುಡಿಯಲು ಮೈಸೂರಿಗೋ ಕೊಡಗಿನ ತೋಟಕ್ಕೋ ಹೋದ ಮನೆಯ ಹೆಂಗಸರಿಗೆ ಇದು ನಿಜಕ್ಕೂ ನೆರವಾಗುತ್ತದೆ.

ಸೌದೆಯ ಕೆಲಸ ಕೀಳೆಂದು ನಮ್ಮ ದೀನ್ ಹೇಳುವುದಿಲ್ಲ. ಜನರ ಮುಂದೆ ಕೈಚಾಚುವುದಕ್ಕಿಂತ ಹಗ್ಗ ಹಿಡಿದು ಹೋಗಿ ಸೌದೆಯ ಹೊರೆ ಬೆನ್ನ ಮೇಲೆ ಹೊತ್ತು ತಂದು ಮಾರುವುದು ಮೇಲು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆ ದುಡಿಮೆಯನ್ನು ಹಗುರ ಮಾಡುವ ಸಾಧನ ಅಲ್ಲಾಹನ ಅನುಗ್ರಹವೇ. ಆದರೆ ಕೈಯನ್ನೇ ಕಳೆದುಕೊಂಡರೆ ದುಡಿಮೆ ಎಲ್ಲಿಯದು? ದೇಹ ನಮಗೆ ಸಿಕ್ಕಿರುವ ಅಮಾನತು. ಅದರ ಲೆಕ್ಕ ಕೊಡಬೇಕು.

ಇನ್ನೊಂದು ಮಾತು. ಗರಗಸ ಅಡ್ಡ ಕೊಯ್ಯುತ್ತದೆಯೇ ಹೊರತು ಸೀಳುವುದಿಲ್ಲ. ಉದ್ದದ ಕೊಂಬೆಯನ್ನು ಒಲೆಯ ಅಳತೆಗೆ ತುಂಡು ಮಾಡಬಹುದು. ದಪ್ಪ ತುಂಡನ್ನು ಸೀಳಲು ಮತ್ತೆ ಕೊಡಲಿಯೇ ಬೇಕು. ನಾಲ್ಕು ಇಂಚು, ಆರು ಇಂಚಿನ ಅಲಗಿನಲ್ಲಿ ಬ್ಯಾರನ್‌ನ ದಿಮ್ಮಿ ಕೊಯ್ಯಲು ಹೊರಟರೆ ಯಂತ್ರವೂ ಸುಡುತ್ತದೆ, ಕೈಯೂ ಜಾರುತ್ತದೆ. ಇದು ಮಣಿಕಟ್ಟು ಗಾತ್ರದ ಕೊಂಬೆಗೆ, ತೆಂಗಿನ ಮಟ್ಟೆಗೆ, ಸರ್ವೆಯ ಗಳುವಿಗೆ ಸರಿ. ಅದಕ್ಕಿಂತ ದೊಡ್ಡದನ್ನು ಪಳಗಿದವರಿಗೇ ಬಿಡಬೇಕು.

ಅಪಾಯ ಎಲ್ಲಿದೆ?

ಕೊಡಲಿಯ ಅಪಾಯ ಎಲ್ಲರಿಗೂ ಕಣ್ಣಿಗೆ ಕಾಣುತ್ತದೆ. ಮಗುವೂ ಅದಕ್ಕೆ ಹೆದರುತ್ತದೆ. ಈ ಗರಗಸ ನೋಡಲು ಆಟಿಕೆಯಂತಿದೆ, ಅಪಾಯ ಶುರುವಾಗುವುದೇ ಅಲ್ಲಿಂದ. ಅಲಗಿನ ತುದಿಯ ಮೇಲ್ಭಾಗ ಇನ್ನೊಂದು ಕೊಂಬೆಗೋ ನೆಲದ ಕಲ್ಲಿಗೋ ತಗುಲಿದರೆ, ಓಡುತ್ತಿರುವ ಚೈನು ಅಲ್ಲಿ ಸಿಕ್ಕಿಕೊಂಡು ಇಡೀ ಯಂತ್ರವನ್ನು ಮೇಲಕ್ಕೆ, ಹಿಡಿದವರ ಮುಖ ಮತ್ತು ಹೆಗಲಿನ ಕಡೆಗೆ ಎಸೆಯುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಇದು ಮುಗಿದಿರುತ್ತದೆ. ದೊಡ್ಡ ಗರಗಸಗಳಲ್ಲಿ ಇಂತಹ ಹೊತ್ತಿಗೆ ಚೈನನ್ನು ತಟ್ಟನೆ ನಿಲ್ಲಿಸುವ ಬ್ರೇಕ್ ಇರುತ್ತದೆ. ಅಗ್ಗದ ಸಣ್ಣ ಗರಗಸಗಳಲ್ಲಿ ಹೆಚ್ಚಿನವುಗಳಿಗೆ ಅದು ಇರುವುದಿಲ್ಲ.

ಎರಡನೆಯದು ಎಡಗೈ. ಒಂದು ಕೈಯಲ್ಲಿ ಗರಗಸ ಹಿಡಿದಾಗ ಇನ್ನೊಂದು ಕೈ ತಾನಾಗಿಯೇ ಕೊಂಬೆ ಹಿಡಿಯಲು ಹೋಗುತ್ತದೆ. ಗರಗಸ ಜಾರಿದರೆ ಸಿಗುವುದು ಅದೇ ಕೈ. ಕೆಲವರು ಕಾಲಿನಿಂದ ಸೌದೆ ತುಳಿದು ಹಿಡಿಯುತ್ತಾರೆ, ಅದೂ ಹವಾಯಿ ಚಪ್ಪಲಿ ಹಾಕಿಕೊಂಡು. ಮಚ್ಚಿನ ಏಟು ಸಾಮಾನ್ಯವಾಗಿ ಒಂದು ಗೆರೆಯ ಗಾಯ ಮಾಡುತ್ತದೆ. ಚೈನು ಮಾಂಸವನ್ನು ಕಿತ್ತುಹಾಕುತ್ತದೆ, ನರ ಮತ್ತು ಸ್ನಾಯುರಜ್ಜುಗಳನ್ನು ಹರಿಯುತ್ತದೆ, ಗಾಯದೊಳಗೆ ಮರದ ಪುಡಿ, ಎಣ್ಣೆ ತುಂಬುತ್ತದೆ. ಅದನ್ನು ಹೊಲಿದು ಸರಿಪಡಿಸುವುದು ವೈದ್ಯರಿಗೂ ಕಷ್ಟ, ಬೆರಳು ಮೊದಲಿನಂತೆ ಮಡಚುತ್ತದೆ ಎಂಬ ಭರವಸೆಯೂ ಇಲ್ಲ.

ಮೂರನೆಯದು ಉಡುಪು. ನಮ್ಮ ಹೆಣ್ಣುಮಕ್ಕಳ ದುಪಟ್ಟಾ, ಸೀರೆಯ ಸೆರಗು, ಬುರ್ಖಾದ ಅಗಲ ತೋಳು ಓಡುವ ಚೈನಿಗೆ ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಹಿತ್ತಿಲಲ್ಲಿ ಕೆಲಸ ಮಾಡುವಾಗ ದುಪಟ್ಟಾವನ್ನು ತಲೆಗೆ ಬಿಗಿಯಾಗಿ ಸುತ್ತಿ ತುದಿಗಳನ್ನು ಒಳಗೆ ಸಿಕ್ಕಿಸಬೇಕು, ಮಣಿಕಟ್ಟಿಗೆ ಅಂಟಿಕೊಂಡಿರುವ ತೋಳಿನ ಉಡುಪು ತೊಡಬೇಕು. ಹಿಜಾಬಿಗೂ ಸುರಕ್ಷತೆಗೂ ಇಲ್ಲಿ ಜಗಳವಿಲ್ಲ. ಗಂಡಸರ ಲುಂಗಿ, ಹೆಗಲ ಮೇಲಿನ ಟವೆಲಿಗೂ ಇದೇ ಮಾತು.

ನಾಲ್ಕನೆಯದು ಮಕ್ಕಳು. ಪೆಟ್ರೋಲ್ ಮಿಷನ್ ಸ್ಟಾರ್ಟ್ ಮಾಡಲು ಬಲ ಬೇಕು, ಹತ್ತು ವರ್ಷದ ಹುಡುಗನಿಂದ ಅದು ಆಗುವುದಿಲ್ಲ. ಇದಕ್ಕೆ ಬೆರಳಿನಿಂದ ಗುಂಡಿ ಒತ್ತಿದರೆ ಸಾಕು. ಕೆಲಸ ಮುಗಿದ ತಕ್ಷಣ ಬ್ಯಾಟರಿ ತೆಗೆದು ಬೇರೆ ಕಡೆ, ಬೀಗ ಹಾಕಿ ಇಡಬೇಕು. ಅಲಗಿಗೆ ಅದರ ಕವಚ ಹಾಕದೆ ಇಡಬಾರದು, ಒಬ್ಬರಿಂದ ಒಬ್ಬರಿಗೆ ಕೊಡಲೂಬಾರದು. ಒರೆಯಿಲ್ಲದ ಖಡ್ಗವನ್ನು ಕೈಯಿಂದ ಕೈಗೆ ಕೊಡುವುದನ್ನು ಪ್ರವಾದಿವರ್ಯರು(ಸ) ತಡೆದಿದ್ದರು. ಬಾಣ ಹಿಡಿದು ಮಸೀದಿಗೋ ಸಂತೆಗೋ ಹೋಗುವವರು ಅದರ ಮೊನೆಯನ್ನು ಕೈಯಲ್ಲಿ ಮುಚ್ಚಿ ಹಿಡಿಯಬೇಕೆಂದೂ ಆದೇಶಿಸಿದ್ದರು. ಇನ್ನೊಬ್ಬರಿಗೆ ತಗುಲೀತು ಎಂಬ ಎಚ್ಚರ ಅಷ್ಟು ಹಳೆಯದು. ಅದನ್ನು ನಮ್ಮ ಕಾಲದ ಗರಗಸಕ್ಕೂ ಅನ್ವಯಿಸಬೇಕಾದವರು ನಾವು.

ಯಂತ್ರದ ಬೆಲೆಯಲ್ಲಿ ಇವೂ ಸೇರಿವೆ

ಗರಗಸ ಕೊಳ್ಳಲು ದುಡ್ಡಿದೆ, ಕನ್ನಡಕಕ್ಕೆ ಇಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಪಕ್ಕವೂ ಮುಚ್ಚುವ ರಕ್ಷಣಾ ಕನ್ನಡಕ, ಅಂಗೈಗೆ ಬಿಗಿಯಾಗಿ ಕೂರುವ ಚರ್ಮದ ಗವುಸು, ಬೆರಳು ಮುಚ್ಚುವ ಬೂಟು, ಮೂಗಿಗೆ ಮಾಸ್ಕ್, ಕಿವಿಗೆ ಮುಚ್ಚಿಗೆ ಇವಿಲ್ಲದೆ ಗುಂಡಿ ಒತ್ತಬಾರದು. ಸಡಿಲವಾದ ನೂಲಿನ ಗವುಸು ಚೈನಿಗೆ ಸಿಕ್ಕಿಕೊಳ್ಳುವುದರಿಂದ ಅದು ಬೇಡವೇ ಬೇಡ. ಚರ್ಮದ ಗವುಸು ಹಿಡಿತ ಕೊಡುತ್ತದೆಯೇ ಹೊರತು ಓಡುವ ಚೈನನ್ನು ತಡೆಯುವುದಿಲ್ಲ ಎಂಬುದೂ ನೆನಪಿರಲಿ. ಮರದ ಪುಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ವರ್ಷಗಟ್ಟಲೆ ಪುಡಿ ಉಸಿರಾಡುವ ಸಾಮಿಲ್ ಕೆಲಸಗಾರರಿಗೆ ಆ ಅಪಾಯ ಹೆಚ್ಚು. ಆದರೆ ಬೂಸಲು ಹಿಡಿದ ಹಳೆಯ ಸೌದೆಯ ಪುಡಿ ಉಬ್ಬಸ ಇರುವವರನ್ನು ಒಂದೇ ದಿನದಲ್ಲಿ ಮಲಗಿಸಬಲ್ಲದು.

ಸೌದೆಯನ್ನು ಹಿಡಿಯಲು ಕೈ ಬೇಡ, ಆಧಾರ ಮಾಡಿಕೊಳ್ಳಿ. ಎರಡು ಜೊತೆ ಗಳುಗಳನ್ನು ಕತ್ತರಿಯಂತೆ ಸೇರಿಸಿ ಸೊಂಟದೆತ್ತರಕ್ಕೆ ನಿಲ್ಲಿಸಿದರೆ ಕೊಂಬೆ ಅದರ ಮೇಲೆ ಅಲುಗಾಡದೆ ಕೂರುತ್ತದೆ. ಹಳೆಯ ಬಾಗಿಲು, ಬೇಲಿಯ ಗೂಟ ಕೊಯ್ಯುವ ಮುನ್ನ ಮೊಳೆ, ತಂತಿ ಇದೆಯೇ ಎಂದು ನೋಡಿ. ಏಣಿ ಹತ್ತಿ, ಮರ ಹತ್ತಿ, ಹೆಗಲಿಗಿಂತ ಮೇಲೆ ಕೈ ಎತ್ತಿ ಕೊಯ್ಯುವುದು ಬೇಡ. ಒಬ್ಬರೇ ಇರುವಾಗ ಬೇಡ. ಉಪವಾಸದ ಸಂಜೆ ಗಂಟಲು ಒಣಗಿ ಕೈ ಸೋತಿರುವ ಹೊತ್ತಿಗೂ ಬೇಡ. ವಲೀಮಾದ ಹಿಂದಿನ ರಾತ್ರಿ ಹತ್ತಾರು ಹುಡುಗರು ಸುತ್ತ ನಿಂತು, ಮಬ್ಬು ಬೆಳಕಿನಲ್ಲಿ, ಬಾವರ್ಚಿ ಅವಸರ ಮಾಡುತ್ತಿರುವಾಗ ಸೌದೆ ಕೊಯ್ಯುವ ರೂಢಿಯನ್ನು ನಾವು ಬಿಡಲೇಬೇಕು. ಮದುವೆ ತಾರೀಖು ತಿಂಗಳ ಮೊದಲೇ ಗೊತ್ತಿರುತ್ತದೆ, ಸೌದೆಗೂ ಮೊದಲೇ ಹಗಲು ಹೊತ್ತು ಗೊತ್ತು ಮಾಡಬಹುದು.

ಬ್ಯಾಟರಿ ಮತ್ತು ಎಣ್ಣೆ

ಈ ಗರಗಸದ ಲಿಥಿಯಂ ಬ್ಯಾಟರಿ ಕೆಟ್ಟರೆ ಹೊತ್ತಿಕೊಳ್ಳುತ್ತದೆ, ಮತ್ತು ಆ ಬೆಂಕಿ ಸುಲಭಕ್ಕೆ ಆರುವುದಿಲ್ಲ. ಅದರದೇ ಚಾರ್ಜರ್ ಬಳಸಿ. ಉಬ್ಬಿದ, ಬಿದ್ದು ಬಿರುಕುಬಿಟ್ಟ, ನೀರು ಸೇರಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಬೇಡಿ. ಮಂಚದ ಕೆಳಗೆ, ಹಾಸಿಗೆಯ ಮೇಲೆ, ಸೌದೆ ರಾಶಿಯ ಪಕ್ಕ ಚಾರ್ಜ್ ಮಾಡಬೇಡಿ. ರಾತ್ರಿ ಚಾರ್ಜಿಗೆ ಹಾಕಿ ಮಲಗುವುದಂತೂ ಕೂಡದು. ಮಲಗುವ ಮುನ್ನ ಮನೆಯ ಬೆಂಕಿ, ದೀಪ ಆರಿಸಬೇಕೆಂಬ ಪ್ರವಾದಿವರ್ಯರ(ಸ) ಉಪದೇಶ ಈ ಕಾಲಕ್ಕೆ ಚಾರ್ಜರಿನ ಸ್ವಿಚ್ಚಿಗೂ ಸಲ್ಲುತ್ತದೆ.

ಚೈನಿಗೆ ಎಣ್ಣೆ ಬೇಕು. ಇಲ್ಲದಿದ್ದರೆ ಕಾಯುತ್ತದೆ, ಹರಿಯುತ್ತದೆ. ಆದರೆ ಗ್ಯಾರೇಜಿನಿಂದ ಪುಕ್ಕಟೆ ಸಿಗುವ ಕರಿ ಎಂಜಿನ್ ಆಯಿಲ್ ಹಾಕಬಾರದು. ಬಳಸಿ ಬಿಟ್ಟ ಆ ಎಣ್ಣೆಯಲ್ಲಿ ಚರ್ಮಕ್ಕೂ ಉಸಿರಿಗೂ ಹಾನಿ ಮಾಡುವ ವಿಷಗಳಿವೆ. ಅದು ಸೌದೆಗೆ ಹತ್ತಿ ನಮ್ಮ ಒಲೆಗೇ ಬರುತ್ತದೆ. ಹಾಗೆಯೇ ಬಕ್ರೀದ್ ದಿನ ಕುರ್ಬಾನಿಯ ಮೂಳೆ ಕೊಯ್ಯಲು ಇದೇ ಗರಗಸ ಸಾಕಲ್ಲ ಎಂಬ ಆಲೋಚನೆ ಯಾರಿಗಾದರೂ ಬಂದರೆ ಅಲ್ಲೇ ತಡೆಯಿರಿ. ಎಣ್ಣೆ, ಮರದ ಕೊಳೆ ಮೆತ್ತಿದ ಚೈನು ಮಾಂಸಕ್ಕೆ ತಗುಲಬಾರದು. ಮೂಳೆಯ ಚೂರು ಕಣ್ಣಿಗೆ ಸಿಡಿಯುವ ಅಪಾಯವೂ ಇದೆ.

ಬೇಗ ಕೊಯ್ದದ್ದನ್ನು ಬೇಗ ಸುಡಬೇಡಿ

ಗರಗಸದ ಗಾಯ ಕಣ್ಣಿಗೆ ಕಾಣುತ್ತದೆ, ಹೊಗೆ ಮಾಡುವ ಗಾಯ ಕಾಣುವುದಿಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಅವರಲ್ಲಿ ಐದು ವರ್ಷದೊಳಗಿನ ಮಕ್ಕಳೇ ಎರಡು ಲಕ್ಷಕ್ಕೂ ಹೆಚ್ಚು. ಒಲೆಯ ಮುಂದೆ ಕೂರುವ ತಾಯಿ, ಅವಳ ಮಡಿಲಲ್ಲಿರುವ ಮಗು ಈ ಹೊಗೆಗೆ ಮೊದಲು ಸಿಗುತ್ತಾರೆ.

ಕೊಯ್ಯುವುದು ಸುಲಭವಾದರೆ ಸುಡುವುದೂ ಹೆಚ್ಚುತ್ತದೆ ಎಂಬುದು ನನ್ನ ಭಯ. ಬೆಳಿಗ್ಗೆ ಕೊಯ್ದ ಹಸಿ ಕೊಂಬೆಯನ್ನು ಸಂಜೆ ಒಲೆಗಿಟ್ಟರೆ ಯಂತ್ರದಿಂದ ಏನೂ ಲಾಭವಾಗಲಿಲ್ಲ. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಮೊದಲ ಬೆಂಕಿಯೆಲ್ಲ ಆ ನೀರನ್ನು ಕಾಯಿಸಲು ಹೋಗುತ್ತದೆ, ಮಿಕ್ಕದ್ದು ಹೊಗೆಯಾಗಿ ಕಣ್ಣಿಗೆ ಬರುತ್ತದೆ. ಈ ಗರಗಸದ ನಿಜವಾದ ಆರೋಗ್ಯ ಲಾಭ ಬೇರೆ ಕಡೆ ಇದೆ. ಸೌದೆಯನ್ನು ಗಿಡ್ಡ ತುಂಡು ಮಾಡಿ, ಸಣ್ಣಗೆ ಸೀಳಿ, ಬೇಸಿಗೆಯ ಬಿಸಿಲಿನಲ್ಲಿ ಒಣಗಿಸಿದರೆ ಅದು ಬೇಗ ಹೊತ್ತಿ, ಕಡಿಮೆ ಹೊಗೆಯಲ್ಲಿ, ಕಡಿಮೆ ಸೌದೆಯಲ್ಲಿ ಅಡುಗೆ ಮುಗಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗ ರೂಪಿಸಿದ ಅಸ್ತ್ರ ಒಲೆಯಂತಹ ಹೊಗೆಕೊಳವೆಯ ಒಲೆಗಳಿಗೆ ಇಂತಹ ಸಣ್ಣ ಸೌದೆಯೇ ಬೇಕು. ಗರಗಸಕ್ಕೆ ಹಣ ಕೂಡಿಸುವ ಮನೆ ಮೊದಲು ಒಲೆಗೆ ಹೊಗೆಕೊಳವೆ ಹಾಕಿಸಿದೆಯೇ ಎಂದು ಕೇಳಿಕೊಳ್ಳಲಿ. ಪ್ಲೈವುಡ್, ಬಣ್ಣ ಬಳಿದ ಮರ, ಕಣಗಿಲೆಯ ಕಡ್ಡಿ ಒಲೆಗೆ ಹೋಗಬಾರದು. ಅವುಗಳ ಹೊಗೆ ವಿಷ.

ಕೊಯ್ದ ಸೌದೆಯನ್ನು ಗೋಡೆಗೆ ಒತ್ತಿ ರಾಶಿ ಹಾಕಬೇಡಿ. ಕಲ್ಲು ಅಥವಾ ಗಳುಗಳ ಮೇಲೆ ನೆಲದಿಂದ ಒಂದಡಿ ಎತ್ತರಕ್ಕೆ, ಮನೆಯಿಂದ ದೂರಕ್ಕೆ ಜೋಡಿಸಿದರೆ ಗಾಳಿಯಾಡಿ ಒಣಗುತ್ತದೆ. ಇಲಿ, ಇಲಿಯ ಬೆನ್ನಿಗೆ ಬರುವ ಹಾವು, ಚೇಳು ಅದರಡಿ ಮನೆ ಮಾಡುವುದೂ ಕಡಿಮೆಯಾಗುತ್ತದೆ. ಸಂಜೆಗತ್ತಲಲ್ಲಿ ಬರಿಗೈಯಿಂದ ರಾಶಿಗೆ ಕೈಹಾಕುವ ಅಭ್ಯಾಸ ಬಿಡಿ.

ಕೈಯಲ್ಲಿ ಯಂತ್ರವಿದೆ ಎಂದು ಕಂಡ ಮರಕ್ಕೆಲ್ಲ ಇಡುವ ಹಾಗೂ ಇಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮದೇ ಜಮೀನಿನಲ್ಲಿರುವ ಮರ ಕಡಿಯಲೂ ಅನುಮತಿ ಬೇಕು. ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್‌ನಂತಹ ಕೆಲವಕ್ಕೆ ವಿನಾಯಿತಿ ಇದೆ. ನಾಗರಹೊಳೆ, ಬಂಡೀಪುರದ ಅಂಚಿನ ಊರಿನವರು ಗರಗಸ ಹಿಡಿದು ಕಾಡಿನೊಳಗೆ ಕಾಲಿಟ್ಟರೆ ಅದು ವನ್ಯಜೀವಿ ಕಾಯ್ದೆಯಡಿ ಅಪರಾಧ. ಒಂದು ಹೊರೆ ಸೌದೆಗಾಗಿ ಮಗ ಕೋರ್ಟು ಅಲೆಯುವಂತಾಗಬಾರದು.

ಗಾಯವಾದರೆ

ಕೈ ನಡುಗುವ ಹೊತ್ತಿನಲ್ಲಿ ನೆನಪಿಗೆ ಬರಲಿ ಎಂದು ಮೊದಲೇ ಹೇಳುತ್ತೇನೆ. ಶುಭ್ರ ಬಟ್ಟೆಯನ್ನು ಗಾಯದ ಮೇಲಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಆ ಭಾಗವನ್ನು ಎತ್ತರಿಸಿ. ಬಟ್ಟೆ ನೆನೆದರೆ ತೆಗೆಯದೆ ಅದರ ಮೇಲೆ ಇನ್ನೊಂದು ಇಡಿ. ಕಾಫಿಪುಡಿ, ಅರಿಸಿನ, ಹೊಗೆಸೊಪ್ಪಿನ ಪುಡಿ, ಬೂದಿ ಮೆತ್ತಬೇಡಿ. ಅವು ಸೋಂಕು ತರುತ್ತವೆ, ವೈದ್ಯರಿಗೆ ಗಾಯ ತೊಳೆಯುವುದೇ ದೊಡ್ಡ ಕೆಲಸವಾಗುತ್ತದೆ. ಬೆರಳು ತುಂಡಾದರೆ ಆ ತುಂಡನ್ನು ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಕಟ್ಟಿ, ಆ ಚೀಲವನ್ನು ಐಸ್ ಮೇಲೆ ಇಡಿ. ತುಂಡನ್ನು ನೇರವಾಗಿ ಐಸ್‌ನಲ್ಲಿ ಹೂಳಬಾರದು.

108ಕ್ಕೆ ಕರೆ ಮಾಡಿ. ನಾಲ್ಕೂ ತಾಲೂಕುಗಳಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ದೊಡ್ಡ ಗಾಯಕ್ಕೆ ಮೈಸೂರಿನ ಕೆ.ಆರ್. ಆಸ್ಪತ್ರೆಯವರೆಗೆ ಹೋಗಬೇಕಾಗಬಹುದು. ಹುಣಸೂರಿನಿಂದ ಅದು ಸುಮಾರು 45 ಕಿಲೋಮೀಟರ್, ಪಿರಿಯಾಪಟ್ಟಣದಿಂದ ಇನ್ನೂ ದೂರ. ಈ ದೂರವನ್ನು ಗುಂಡಿ ಒತ್ತುವ ಮೊದಲು ಲೆಕ್ಕ ಹಾಕಬೇಕು. ಸಣ್ಣ ಗಾಯವೆಂದು ಟಿಟಿ ಚುಚ್ಚುಮದ್ದು ತಪ್ಪಿಸಬೇಡಿ. ಪಟ್ಟಿ ಕಟ್ಟಿದ ಮೇಲೆ ವುಝೂಗಾಗಿ ಅದನ್ನು ಬಿಚ್ಚಿ ನೀರು ಹಾಕಬೇಕಿಲ್ಲ. ಪಟ್ಟಿಯ ಮೇಲೆ ಒದ್ದೆ ಕೈ ಸವರಲು ಶರೀಅತ್ತಿನಲ್ಲಿ ಅವಕಾಶವಿದೆ, ವಿವರವನ್ನು ನಿಮ್ಮ ಇಮಾಮರಲ್ಲಿ ಕೇಳಿ.

ಜಮಾಅತ್ ಏನು ಮಾಡಬಹುದು?

ಮಸೀದಿಯಲ್ಲಿ ದೇಗ್, ಚಾಪೆ, ಪಾತ್ರೆ ಇಟ್ಟು ಮದುವೆಗೆ, ಸಾವಿಗೆ ಕೊಡುವ ರೂಢಿ ನಮ್ಮಲ್ಲಿದೆ. ಅದೇ ಪಟ್ಟಿಗೆ ಚೈನ್ ಬ್ರೇಕ್ ಇರುವ, ಎರಡು ಕೈಯಲ್ಲಿ ಹಿಡಿಯುವ, ಹತ್ತಿರದ ಊರಿನಲ್ಲಿ ರಿಪೇರಿ ಸಿಗುವ ಒಂದು ಒಳ್ಳೆಯ ಬ್ಯಾಟರಿ ಗರಗಸ ಸೇರಲಿ. ಹತ್ತು ಮನೆ ಕೊಳ್ಳುವ ಹತ್ತು ಅಗ್ಗದ ಯಂತ್ರಗಳ ದುಡ್ಡಿನಲ್ಲಿ ಅಂತಹದೊಂದು, ಅದರ ಕನ್ನಡಕ, ಗವುಸು, ಬೂಟು ಎಲ್ಲವೂ ಬರುತ್ತವೆ. ಸಾಮಿಲ್‌ನಲ್ಲಿ, ಮರದ ಕೆಲಸದಲ್ಲಿ ಪಳಗಿದವರು ಊರಿನಲ್ಲಿದ್ದರೆ ಅವರಿಂದ ಇಬ್ಬರು ಮೂವರು ಯುವಕರಿಗೆ ಕಲಿಸಿ. ಗಂಡು ದಿಕ್ಕಿಲ್ಲದ ಮನೆ, ವಿಧವೆಯರ ಮನೆ, ವಯಸ್ಸಾದವರ ಮನೆಗೆ ಅವರು ವಾರಕ್ಕೊಂದು ದಿನ ಹೋಗಿ ಸೌದೆ ಕೊಯ್ದು ಕೊಡಲಿ, ಉಳಿದವರು ಕೂಲಿ ಕೊಟ್ಟು ಕರೆಯಲಿ. ಕೊಡಲಿ ನಂಬಿ ಬದುಕುವ ಸೌದೆ ಒಡೆಯುವವರನ್ನೇ ಇದಕ್ಕೆ ಸೇರಿಸಿಕೊಂಡರೆ ಅವರ ಅನ್ನವೂ ಉಳಿಯುತ್ತದೆ.

ಹಂಚಿಕೊಂಡ ವಸ್ತು ಬೇಗ ಹಾಳಾಗುತ್ತದೆ, ಬೇಕೆಂದಾಗ ಸಿಗುವುದಿಲ್ಲ ಎಂದು ಕೆಲವರು ಹೇಳಬಹುದು. ಆ ಮಾತಿನಲ್ಲಿ ಸತ್ಯವಿದೆ. ಅದಕ್ಕಾಗಿಯೇ ಒಬ್ಬರ ಹೊಣೆ, ಒಂದು ರಿಜಿಸ್ಟರ್, ಒಂದು ಬೀಗ ಬೇಕು. ಆದರೆ ಸೌದೆ ದಿನಾ ಕೊಯ್ಯುವ ವಸ್ತುವಲ್ಲ. ತಿಂಗಳಿಗೊಮ್ಮೆ ಎರಡು ಗಂಟೆ ಕೊಯ್ದರೆ ಒಂದು ಮನೆಗೆ ಸಾಕು. ಉಳಿದ ದಿನವೆಲ್ಲ ಆ ಯಂತ್ರ ಮನೆಯಲ್ಲಿ ಮಕ್ಕಳ ಕೈಗೆ ಸಿಗುವ ಹಾಗೆ ಬಿದ್ದಿರುತ್ತದೆ. ನಿತ್ಯ ಬಳಕೆಯ ಸಣ್ಣಪುಟ್ಟ ವಸ್ತುಗಳನ್ನೂ ನೆರೆಯವರಿಗೆ ಕೊಡದೆ ಹಿಡಿದಿಟ್ಟುಕೊಳ್ಳುವವರನ್ನು ಪವಿತ್ರ ಕುರ್‌ಆನ್ ಖಂಡಿಸಿದೆ, ಆ ಅಧ್ಯಾಯದ ಹೆಸರೇ ಅಲ್ ಮಾಊನ್. ಒಂದು ಗರಗಸವನ್ನು ಹತ್ತು ಮನೆ ಹಂಚಿಕೊಳ್ಳುವುದರಲ್ಲಿ ಹಣ ಉಳಿಯುತ್ತದೆ, ಕೈ ಉಳಿಯುತ್ತದೆ, ನೆರೆಯ ಹಕ್ಕೂ ತೀರುತ್ತದೆ.

ಈಗಾಗಲೇ ಯಂತ್ರ ಕೊಂಡಿರುವವರು ಈ ಲೇಖನ ಓದಿ ಮುಗಿಸಿದ ಕೂಡಲೇ ಎದ್ದುಹೋಗಿ ಒಂದು ಕೆಲಸ ಮಾಡಿ: ಅದರ ಬ್ಯಾಟರಿ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿ. ಕನ್ನಡಕ, ಗವುಸು ತಂದ ಮೇಲೆಯೇ ಆ ಬೀಗ ತೆರೆಯಿರಿ. ಕೊಳ್ಳಬೇಕೆಂದು ಇರುವವರು ಬರುವ ಜುಮಾ ದಿನ ನಿಮ್ಮ ಮಸೀದಿಯ ಮುತವಲ್ಲಿಯವರ ಮುಂದೆ ಈ ವಿಷಯ ಇಡಿ.